ಸಿಂಗಾಪುರ ಕ್ರೂಸ್: ಮೂರು ವರ್ಷದ ಮಗು ಜೊತೆಗಿದ್ದರೆ ಯಾವ ಬಂದರಿನಲ್ಲಿ ಇಳಿಯೋದು, ಎಷ್ಟು ನೋಡೋದು?

ರೇಷ್ಮೆಗೂಡು (ಶಿಡ್ಲಘಟ್ಟ)

ಏಪ್ರಿಲ್ ರಜೆಗೆ ಸಿಂಗಾಪುರದಿಂದ ಹೊರಡುವ ಐದು ರಾತ್ರಿಯ ಕ್ರೂಸ್ ಬುಕ್ ಆಗಿದೆ. ಪೋರ್ಟ್ ಕ್ಲಾಂಗ್, ಪೆನಾಂಗ್, ಫುಕೆಟ್ ಮುಗಿಸಿ ವಾಪಸ್ ಸಿಂಗಾಪುರ. ನಾವಿಬ್ಬರು, ಮೂರು ವರ್ಷದ ಮಗಳು, ಮಂಡಿನೋವಿರುವ ನಮ್ಮ ಅತ್ತೆ. ಮಗು ಮಧ್ಯಾಹ್ನ ಒಂದರಿಂದ ಮೂರರವರೆಗೆ ಮಲಗಲೇಬೇಕು, ಇಲ್ಲದಿದ್ದರೆ ಸಂಜೆ ರಂಪ.

ವೇಳಾಪಟ್ಟಿ ಹೀಗಿದೆ: ಪೋರ್ಟ್ ಕ್ಲಾಂಗ್ ಬೆಳಿಗ್ಗೆ 7ರಿಂದ ಸಂಜೆ 5, ಪೆನಾಂಗ್ 8ರಿಂದ 6, ಫುಕೆಟ್ 9ರಿಂದ 7. ಹಡಗಿನವರ ಟೂರ್ ಪಟ್ಟಿಯಲ್ಲಿ ಪೋರ್ಟ್ ಕ್ಲಾಂಗ್‌ನ ಒಂದೇ ದಿನಕ್ಕೆ ಕೌಲಾಲಂಪುರದ ಬಟು ಕೇವ್ಸ್ ಗುಹಾ ದೇವಾಲಯ, ಅವಳಿ ಗೋಪುರ, ಮಸೀದಿ, ಚಾಕೊಲೇಟ್ ಅಂಗಡಿ ಎಲ್ಲಾ ತುರುಕಿದ್ದಾರೆ. ಅದನ್ನೇ ತಗೊಳ್ಳೋದಾ, ಇಲ್ಲಾ ನಾವೇ ಟ್ಯಾಕ್ಸಿ ಮಾಡಿಕೊಳ್ಳೋದಾ? ತಿಳಿದವರು ಬಂದರು ಬಂದರಿಗೂ ಬಿಡಿಸಿ ಹೇಳಿ.

ಅಂತರಗಂಗೆ (ಕೋಲಾರ)

ಮೊದಲು ಒಂದು ಮಾತು. 7ರಿಂದ 5 ಅನ್ನೋದು ಹಡಗಿನ ಲೆಕ್ಕ, ನಿಮ್ಮ ಲೆಕ್ಕ ಅಲ್ಲ. ಪೋರ್ಟ್ ಕ್ಲಾಂಗನ್ನೇ ತಗೊಳ್ಳಿ.

7ಕ್ಕೆ ಹಡಗು ಕಟ್ಟಿದರೂ ಅಲ್ಲಿನ ಅಧಿಕಾರಿಗಳ ಅನುಮತಿ ಸಿಕ್ಕಿ, ಲಿಫ್ಟ್ ಸಾಲು ಕರಗಿ, ನೀವು ಹೊರಗೆ ಕಾಲಿಡುವಾಗ 8 ಆಗಿರುತ್ತೆ. ಕ್ರೂಸ್ ಟರ್ಮಿನಲ್ ಇರೋದು ಪುಲಾವ್ ಇಂಡಾ ದ್ವೀಪದಲ್ಲಿ. ಅಲ್ಲಿಂದ ಕೌಲಾಲಂಪುರ ಸುಮಾರು 50–60 ಕಿ.ಮೀ., ಬೆಳಗಿನ ಟ್ರಾಫಿಕ್‌ನಲ್ಲಿ ಒಂದೂಕಾಲರಿಂದ ಒಂದೂವರೆ ಗಂಟೆ. ಅಂದರೆ 9:30. ವಾಪಸ್ ಬರೋದನ್ನು ಕೊನೆಯಿಂದ ಹಿಂದಕ್ಕೆ ಎಣಿಸಿ: 5ಕ್ಕೆ ಹೊರಡುವ ಹಡಗಿಗೆ 'ಎಲ್ಲರೂ ಒಳಗೆ' ಸಮಯ ಸಾಮಾನ್ಯವಾಗಿ 4:30 ಅಥವಾ 4. ಸ್ವಂತವಾಗಿ ಹೋದವರು ಅದಕ್ಕೂ ಎರಡು ಗಂಟೆ ಮುಂಚೆ ಬಂದರಿನಲ್ಲಿರಬೇಕು ಅಂದುಕೊಂಡರೆ 2:30. ಅಲ್ಲಿಗೆ ನಗರ ಬಿಡಬೇಕಾದದ್ದು 1 ಗಂಟೆಗೆ. ಕೈಗೆ ಉಳಿದದ್ದು ಮೂರೂವರೆ ಗಂಟೆ, ಅದರಲ್ಲಿ ಮಗುವಿನ ಊಟ ಮುಕ್ಕಾಲು ಗಂಟೆ. ಒಂದು ಜಾಗ ನೆಮ್ಮದಿಯಾಗಿ ಆಗುತ್ತೆ. ಎರಡನೆಯದು ಆದರೆ ಪುಣ್ಯ. ನಾಲ್ಕು ಜಾಗ ಅಂದರೆ ಬಸ್ಸಿನ ಕಿಟಕಿಯಿಂದ ನೋಡಿದ ಹಾಗೆ.

ಒಂದು ಅನುಕೂಲ ಏನಪ್ಪಾ ಅಂದರೆ, 1 ಗಂಟೆಗೆ ನಗರ ಬಿಟ್ಟರೆ ನಿಮ್ಮ ಮಗುವಿನ ನಿದ್ದೆ ಗಾಡಿಯಲ್ಲೇ ಆಗಿಹೋಗುತ್ತೆ. ದೂರದ ಬಂದರಿನಲ್ಲಿ ವಾಪಸ್ ಪ್ರಯಾಣವನ್ನು ನಿದ್ದೆ ಹೊತ್ತಿಗೆ ಕೂರಿಸಬೇಕು. ಹತ್ತಿರದ ಬಂದರಿನಲ್ಲಿ ಮಧ್ಯಾಹ್ನ ಹಡಗಿಗೇ ಬಂದು ರೂಮಿನಲ್ಲಿ ಮಲಗಿಸಬೇಕು. ಟೂರ್ ಪಟ್ಟಿ ನೋಡೋದು ಆಮೇಲೆ.

ಈ ಬಂದರಿಗೆ ಮಾತ್ರ ನನ್ನ ಮತ ಹಡಗಿನವರ ಟೂರ್‌ಗೆ. ದಾರೀಲಿ ಏನಾದರೂ ಆಗಿ ಬಸ್ ತಡವಾದರೆ ತಮ್ಮ ಟೂರ್ ಬಸ್ಸಿಗೆ ಹಡಗು ಕಾಯುತ್ತೆ, ನಿಮ್ಮ ಟ್ಯಾಕ್ಸಿಗೆ ಕಾಯಲ್ಲ. ಹಡಗೇ ಆ ಬಂದರನ್ನು ಕೈಬಿಟ್ಟರೆ ದುಡ್ಡೂ ತಾನಾಗಿ ವಾಪಸ್ ಬರುತ್ತೆ. ನಾಲ್ಕು ಜಾಗದ್ದು ಬೇಡ, 'ನಗರ ಮತ್ತು ಬಿಡುವು' ಥರದ್ದು, ಒಂದೇ ಕಡೆ ಎರಡು ಮೂರು ಗಂಟೆ ಬಿಡುವಂಥದ್ದು ಹುಡುಕಿ.

ಶಿರಾ ಗೇಟ್ (ತುಮಕೂರು)

ಅಂತರಗಂಗೆ ಅವರ ಸಮಯದ ಲೆಕ್ಕ ಸರಿ, ತೀರ್ಮಾನ ಒಪ್ಪಲ್ಲ. ಹಡಗಿನ ಟೂರ್ ಅಂದರೆ ನಲವತ್ತು ಜನರ ಬಸ್ಸು. ಹಡಗಿನ ಥಿಯೇಟರ್‌ನಲ್ಲಿ ಅರ್ಧ ಗಂಟೆ ಮುಂಚೆ ಸೇರಬೇಕು, ಎದೆಗೆ ಸ್ಟಿಕ್ಕರ್ ಅಂಟಿಸಿಕೊಂಡು ಕಾಯಬೇಕು. ಮಗು 'ಸೂಸು' ಅಂದಾಗ ಬಸ್ ನಿಲ್ಲಲ್ಲ. ಮಗುವಿನ ಸೀಟು ಇರಲ್ಲ. ಯಾರೋ ಇಬ್ಬರು ಅಂಗಡಿಯಲ್ಲಿ ಉಳಿದುಕೊಂಡರೆ ಎಲ್ಲರೂ ಬಿಸಿಲಲ್ಲಿ ಕಾಯಬೇಕು. ನಾಲ್ಕು ಜನಕ್ಕೆ ತಲೆಲೆಕ್ಕದಲ್ಲಿ ಕೊಡುವ ದುಡ್ಡಿಗೆ ಏಳು ಸೀಟಿನ ವ್ಯಾನ್, ಡ್ರೈವರ್ ಸಮೇತ ದಿನಕ್ಕೆ ಸಿಗುತ್ತೆ, ಬಹಳ ಸಲ ಕಡಿಮೆಗೂ ಆಗುತ್ತೆ.

ಆದರೆ ಊರಲ್ಲೇ ಕೂತು ಮುಂಚಿತವಾಗಿ ಬುಕ್ ಮಾಡಿರಬೇಕು. ಟರ್ಮಿನಲ್ ಹೊರಗೆ ನಿಂತು ಆ್ಯಪ್‌ನಲ್ಲಿ ಗಾಡಿ ಹುಡುಕುತ್ತೀನಿ ಅಂದರೆ ಆ ದ್ವೀಪದಲ್ಲಿ ಗಾಡಿಗಳೇ ಕಮ್ಮಿ, ಇಳಿದವರು ಸಾವಿರಾರು. ಬುಕ್ ಮಾಡುವಾಗ ಇಷ್ಟನ್ನು ಬರಹದಲ್ಲಿ ಕೇಳಿ: ಹಡಗಿನ ಹೆಸರು ಮತ್ತು ದಿನಾಂಕ ಹಾಕಿದ್ದಾರಾ; ಹಡಗು ಬರದಿದ್ದರೆ ಪೂರ್ತಿ ದುಡ್ಡು ವಾಪಸ್ಸಾ; ಮೂರು ವರ್ಷದ ಮಗುವಿಗೆ ಸೀಟು ಕೊಡ್ತಾರಾ; ಸ್ಟ್ರಾಲರ್ (ಮಗುವನ್ನು ಕೂರಿಸಿ ತಳ್ಳುವ ಗಾಡಿ) ಇಡಲು ಹಿಂದೆ ಜಾಗ ಇದೆಯಾ; ಡ್ರೈವರ್ ನಿಲ್ಲುವ ಗೇಟ್ ಯಾವುದು; ಬಂದರಿಗೆ ಎಷ್ಟು ಗಂಟೆಗೆ ತಲುಪಿಸ್ತಾರೆ. ಕೊನೆಯದಕ್ಕೆ '2:30' ಅಂತ ಗಡಿಯಾರದ ಸಮಯ ಬರೆಸಿಕೊಳ್ಳಿ. 'ಟೈಮಿಗೆ ಬಿಡ್ತೀವಿ ಸರ್' ಅನ್ನೋದು ಉತ್ತರ ಅಲ್ಲ.

ಬಟು ಕೇವ್ಸ್ ಬಗ್ಗೆ: 272 ಮೆಟ್ಟಿಲು, ಕಡಿದಾಗಿವೆ. ನಿಮ್ಮ ಅತ್ತೆಗೆ ಆಗಲ್ಲ. ಮಗುವನ್ನು ಎತ್ತಿಕೊಂಡು ಹತ್ತಬಹುದು, ಇಳಿಯೋದು ಕಷ್ಟ, ಒಂದು ಕೈ ಕಂಬಿಗೆ ಬೇಕೇ ಬೇಕು. ಮಂಗಗಳು ಕೈಯಲ್ಲಿರೋ ಬಿಸ್ಕತ್ತು, ಬಾಟಲಿ ಕಿತ್ತುಕೊಳ್ಳುತ್ತವೆ. ಮಗುವಿನ ಕೈಗೆ ತಿಂಡಿ ಕೊಟ್ಟು ಕರೆದುಕೊಂಡು ಹೋಗೋ ಜಾಗ ಅಲ್ಲ ಅದು. ಬುಡದಲ್ಲೇ 42.7 ಮೀಟರ್ ಎತ್ತರದ ಮುರುಗನ್ ಮೂರ್ತಿ ಇದೆ, ಪಕ್ಕದಲ್ಲಿ ಸಮತಟ್ಟಾದ ನೆಲದಲ್ಲೇ ರಾಮಾಯಣ ಗುಹೆ ಇದೆ. ಒಬ್ಬರು ಮೇಲೆ ಹತ್ತಿ ಬರುವಷ್ಟರಲ್ಲಿ ಉಳಿದವರು ಅದನ್ನು ನೋಡಬಹುದು. ಮಗುವೇ ಮುಖ್ಯ ಅಂದರೆ ಬಟು ಬಿಟ್ಟುಬಿಡಿ. ಅವಳಿ ಗೋಪುರದ ಬುಡದ ಕೆ.ಎಲ್.ಸಿ.ಸಿ. ಪಾರ್ಕ್‌ನಲ್ಲಿ ದೊಡ್ಡ ಆಟದ ಅಂಕಣ ಇದೆ, ಹತ್ತಿರದಲ್ಲೇ ಅಕ್ವೇರಿಯಂ, ಏಸಿ ಮಾಲ್‌ನಲ್ಲಿ ಊಟ, ಶೌಚಾಲಯ. ಗೋಪುರದ ಮೇಲಕ್ಕೆ ಹತ್ತಿಸುವ ಟಿಕೆಟ್ ಬೇಡ, 452 ಮೀಟರ್ ಕಟ್ಟಡ ಕೆಳಗಿನಿಂದಲೇ ಚೆನ್ನಾಗಿ ಕಾಣೋದು.

ಅಂತರಗಂಗೆ (ಕೋಲಾರ)

ವ್ಯಾನ್‌ಗೆ ನನ್ನ ಅಭ್ಯಂತರ ಇಲ್ಲ, ಬೆಳಿಗ್ಗೆ 8:15ಕ್ಕೆ ಹೊರಡುವ ಶಿಸ್ತು ಇದ್ದರೆ. ಮಗು ತಿಂಡಿ ಮುಗಿಸಿ 9:30ಕ್ಕೆ ಇಳಿಯುವ ಮನೆಯವರಿಗೆ ಆ ದಿನ ಹಡಗಲ್ಲೇ ಇರೋದು ವಾಸಿ. ಎಲ್ಲರೂ ಇಳಿದು ಹೋದ ಮೇಲೆ ಆಟದ ಜಾಗ, ಊಟದ ಹಾಲ್ ಎಲ್ಲ ಖಾಲಿ ಖಾಲಿ. ಮೂರು ಬಂದರಿನಲ್ಲಿ ಒಂದನ್ನು ಬಿಟ್ಟುಕೊಡೋದಾದರೆ ಇದನ್ನೇ ಬಿಡಿ.

ನಂದಿತಪ್ಪಲು (ಚಿಕ್ಕಬಳ್ಳಾಪುರ)

ಪೆನಾಂಗ್‌ಗೆ ಯಾವ ಟೂರೂ ಬೇಡ. ಸ್ವೆಟ್ಟನ್‌ಹ್ಯಾಮ್ ಪಿಯರ್ ಇರೋದೇ ಜಾರ್ಜ್ ಟೌನ್ ಊರೊಳಗೆ. ಗೇಟ್ ದಾಟಿದರೆ ಗಡಿಯಾರ ಗೋಪುರ, ಅದರ ಪಕ್ಕ ಕಾರ್ನ್‌ವಾಲಿಸ್ ಕೋಟೆ. ಹತ್ತು ಹದಿನೈದು ನಿಮಿಷ ನಡೆದರೆ ಲಿಟಲ್ ಇಂಡಿಯಾ, ಅಲ್ಲಿ ಕ್ವೀನ್ ಸ್ಟ್ರೀಟ್‌ನಲ್ಲಿ 1833ರ ಮಹಾಮಾರಿಯಮ್ಮನ ಗುಡಿ. ನಮ್ಮ ಕಡೆಯ ಹಾಗೇ ಮಧ್ಯಾಹ್ನ ಗುಡಿ ಬಾಗಿಲು ಹಾಕ್ತಾರೆ, ಆದ್ದರಿಂದ ಅದನ್ನು ಬೆಳಿಗ್ಗೆಗೇ ಇಟ್ಟುಕೊಳ್ಳಿ. ಇಡ್ಲಿ, ದೋಸೆ, ಅನ್ನ, ಮೊಸರು ಆ ಬೀದಿಗಳಲ್ಲಿ ಸಲೀಸಾಗಿ ಸಿಗುತ್ತೆ. ಮಗುವಿನ ಊಟದ ಚಿಂತೆ ಆವತ್ತು ಇರಲ್ಲ.

ಸ್ಟ್ರಾಲರ್ ತಳ್ಳೋದು ಮಾತ್ರ ತಲೆನೋವು. ಹಳೇ ಅಂಗಡಿ ಸಾಲಿನ ಮುಂದೆ ಐದಡಿ ಅಗಲದ ಜಗಲಿ ಇರುತ್ತೆ, ನೆರಳೇನೋ ಸರಿ, ಆದರೆ ಒಂದೊಂದು ಅಂಗಡಿಯದೂ ಒಂದೊಂದು ಎತ್ತರ. ಹತ್ತು ಹೆಜ್ಜೆಗೊಂದು ಮೆಟ್ಟಿಲು, ನಡುವೆ ನಿಲ್ಲಿಸಿದ ಬೈಕು. ರಸ್ತೆಗಿಳಿದರೆ ಬಿಸಿಲು, ಗಾಡಿ. ಒಂದೇ ಕೈಲಿ ಮಡಚುವ, 6–7 ಕಿಲೋ ಒಳಗಿನ ಸ್ಟ್ರಾಲರ್ ಆದರೆ ಮಾತ್ರ ತಗೊಂಡು ಹೋಗಿ. ಅತ್ತೆ ಮತ್ತು ಮಗುವನ್ನು ಸೈಕಲ್ ರಿಕ್ಷಾದಲ್ಲಿ ಕೂರಿಸಿ ಒಂದು ಗಂಟೆ ಸುತ್ತಿಸಬಹುದು. ಬಾಡಿಗೆಯನ್ನು ಗಂಟೆಗೆ ಇಷ್ಟು, ಇಡೀ ರಿಕ್ಷಾಗೆ ಇಷ್ಟು ಅಂತ ಹತ್ತುವ ಮುಂಚೆಯೇ ಮಾತಾಡಿಕೊಳ್ಳಿ. ತಲೆಗಿಷ್ಟಾ, ಗಾಡಿಗಿಷ್ಟಾ ಅನ್ನೋದರಲ್ಲೇ ಇಳಿದ ಮೇಲೆ ಜಗಳ.

ಪೆನಾಂಗ್ ಹಿಲ್ ರೈಲಿಗೆ ಮಕ್ಕಳು ಕುಣಿಯುತ್ತವೆ. ಬೆಟ್ಟ 833 ಮೀಟರ್. 1,478 ಮೀಟರಿನ ನಂದಿಯ ಮುಂದೆ ಗಿಡ್ಡ, ಆದರೆ ಕಡಿದಾದ ಇಳಿಜಾರಿನಲ್ಲಿ ಎಳೆದೊಯ್ಯುವ ಆ ಡಬ್ಬಿಯೇ ಮಜಾ. ಕೆಳಗಿನ ನಿಲ್ದಾಣ ಐರ್ ಇಟಾಮ್‌ನಲ್ಲಿ, ಬಂದರಿನಿಂದ ಕಾರಿನಲ್ಲಿ ಅರ್ಧ ಗಂಟೆ ಹಿಡಿಯುತ್ತೆ. ತೊಂದರೆ ಬರೋದು ಇಳಿಯುವ ಸಾಲಿನಲ್ಲಿ. ಹತ್ತುವಾಗ ಬೆಳಿಗ್ಗೆ ಖಾಲಿ ಇರುತ್ತೆ, ಹನ್ನೆರಡರ ಹೊತ್ತಿಗೆ ಎಲ್ಲರೂ ಒಟ್ಟಿಗೆ ಇಳಿಯಲು ನಿಲ್ತಾರೆ. ಶನಿವಾರ, ಭಾನುವಾರ ಅಥವಾ ಅಲ್ಲಿನ ಶಾಲೆ ರಜೆಯಲ್ಲಿ ಬಿದ್ದರೆ ಮಗು ಜೊತೆ ಆ ಸಾಲು ಬೇಡ, ಇಲ್ಲಾ ಸಾಲು ತಪ್ಪಿಸುವ ದುಬಾರಿ ಟಿಕೆಟ್ ತಗೊಳ್ಳಿ. ಬೆಟ್ಟ ಅಥವಾ ಊರು, ಎರಡರಲ್ಲಿ ಒಂದು. 12:30ಕ್ಕೆ ಹಡಗಿಗೆ ವಾಪಸ್, ಮಗು ಮಲಗಲಿ. 3:30ಕ್ಕೆ ಎದ್ದರೆ ಮತ್ತೆ ಇಳಿದು ಕೋಟೆಯ ಹತ್ತಿರ ಸಮುದ್ರದಂಡೆಯಲ್ಲಿ ಒಂದು ಸುತ್ತು. ಬೇರೆ ಎರಡು ಬಂದರಿನಲ್ಲೂ ಈ ಎರಡನೇ ಇಳಿತ ನಡೆಯಲ್ಲ.

ಮಾವಿನತೋಪು (ಶ್ರೀನಿವಾಸಪುರ)

ಫುಕೆಟ್ ವಿಷಯ ನಾನು ಬರೀತೀನಿ, ಯಾಕಂದರೆ ಅಲ್ಲೇ ಹೆಚ್ಚು ಜನ ಎಡವೋದು.

ಮೊದಲು ಗಡಿಯಾರ. ಸಿಂಗಾಪುರ, ಮಲೇಷ್ಯಾ ನಮಗಿಂತ ಎರಡೂವರೆ ಗಂಟೆ ಮುಂದೆ. ಥಾಯ್ಲೆಂಡ್ ಒಂದೂವರೆ ಗಂಟೆ ಮಾತ್ರ ಮುಂದೆ. ಹಡಗು ಸಿಂಗಾಪುರದ ಸಮಯವನ್ನೇ ಇಟ್ಟುಕೊಂಡಿತು ಅಂತಿಟ್ಟುಕೊಳ್ಳಿ. ದಡಕ್ಕೆ ಹೋದ ತಕ್ಷಣ ಮೊಬೈಲ್ ಅಲ್ಲಿನ ಸಿಗ್ನಲ್ ಹಿಡಿದು ಒಂದು ಗಂಟೆ ಹಿಂದಕ್ಕೆ ಹೋಗುತ್ತೆ. ದಡದಿಂದ ಹಡಗಿಗೆ ಮರಳುವ ಕೊನೆಯ ದೋಣಿ ಹಡಗಿನ ಸಮಯದಲ್ಲಿ 5:30ಕ್ಕೆ ಇದ್ದರೆ ನಿಮ್ಮ ಮೊಬೈಲ್ ಆಗ 4:30 ತೋರಿಸ್ತಾ ಇರುತ್ತೆ, 'ಇನ್ನೂ ಒಂದು ಗಂಟೆ ಇದೆ' ಅಂತ ಐಸ್‌ಕ್ರೀಮ್ ತಿನ್ನಿಸ್ತಾ ಕೂತಿರ್ತೀರಿ. ಮೊಬೈಲ್‌ನಲ್ಲಿ ತಾನಾಗಿ ಸಮಯ ಬದಲಾಗುವ ಸೆಟ್ಟಿಂಗ್ ಆಫ್ ಮಾಡಿ, ಕೈಗೊಂದು ಸಾದಾ ವಾಚ್ ಕಟ್ಟಿಕೊಂಡು ಅದನ್ನು ಹಡಗಿನ ಸಮಯಕ್ಕೆ ಇಡಿ. ವ್ಯಾನ್ ಡ್ರೈವರ್‌ಗೆ ಮಾತ್ರ ಥಾಯ್ಲೆಂಡ್ ಸಮಯದಲ್ಲೇ ಹೇಳಬೇಕು.

ಎರಡನೆಯದು ದೋಣಿ. ಪಟೋಂಗ್‌ನಲ್ಲಿ ದೊಡ್ಡ ಹಡಗು ದಡಕ್ಕೆ ಬರಲ್ಲ, ಸಮುದ್ರದಲ್ಲೇ ಲಂಗರು ಹಾಕುತ್ತೆ. ಅಲ್ಲಿಂದ ಟೆಂಡರ್ ಅನ್ನುವ ಸಣ್ಣ ದೋಣಿಯಲ್ಲಿ ಹದಿನೈದು ಇಪ್ಪತ್ತು ನಿಮಿಷ. ಟೋಕನ್ ಸರದಿ ಇರುತ್ತೆ, ಹಡಗಿನ ಟೂರ್‌ನವರಿಗೆ ಮೊದಲ ದೋಣಿಗಳು. ಸ್ಟ್ರಾಲರನ್ನು ಹತ್ತುವ ಮೊದಲೇ ಮಡಚಿ ಒಬ್ಬರು ಹಿಡಿಯಬೇಕು, ಇನ್ನೊಬ್ಬರು ಮಗುವನ್ನು ಎತ್ತಿಕೊಂಡಿರಬೇಕು. ಹಡಗಿನ ಕಟ್ಟೆಗೂ ದೋಣಿಗೂ ನಡುವಿನ ಸಂದು ಅಲೆಗೆ ಏರಿಳಿಯುತ್ತೆ. ಸಿಬ್ಬಂದಿ 'ಈಗ' ಅಂದಾಗಲೇ ಕಾಲಿಡಬೇಕು, ಮಗುವನ್ನು ನಡೆಸಿ ದಾಟಿಸಬೇಡಿ. ಮಂಡಿನೋವಿನ ಅತ್ತೆಗೆ ಇದೇ ದೊಡ್ಡ ಗಂಡಾಂತರ. ಅವರು ಅಂದು ಹಡಗಲ್ಲೇ ಉಳಿಯೋದನ್ನು ಈಗಲೇ ಮಾತಾಡಿಕೊಳ್ಳಿ. ಮೇನಿಂದ ಅಕ್ಟೋಬರ್‌ವರೆಗೆ ನೈಋತ್ಯ ಮಳೆಗಾಲ, ಅಲೆ ಜೋರು, ಟೆಂಡರ್ ರದ್ದಾಗೋದೂ ಉಂಟು. ಏಪ್ರಿಲ್‌ನಲ್ಲಿ ಸಮುದ್ರ ಸಾಮಾನ್ಯವಾಗಿ ಶಾಂತ, ಬಿಸಿಲು ಮಾತ್ರ ಕೆಂಡ. ಕೆಲವು ಹಡಗುಗಳು ಪಟೋಂಗ್ ಬದಲು ಮಾಖಾಮ್ ಕೊಲ್ಲಿಯ ಡೀಪ್ ಸೀ ಪೋರ್ಟ್‌ಗೆ ಹೋಗಿ ಕಟ್ಟುತ್ತವೆ. ಆಗ ದೋಣಿಯ ರಗಳೆ ಇಲ್ಲ, ಮತ್ತು ಕೇಪ್ ಪನ್ವಾದ ಫುಕೆಟ್ ಅಕ್ವೇರಿಯಂ ಅಲ್ಲಿಂದ ತೀರಾ ಹತ್ತಿರ. ಬುಕಿಂಗ್ ಕಾಗದದಲ್ಲಿ ಯಾವುದು ಬರೆದಿದೆ ನೋಡಿ.

ಸ್ಪೀಡ್‌ಬೋಟಿನಲ್ಲಿ ಫಿ ಫಿ ದ್ವೀಪಕ್ಕೆ ಹೋಗುವ ಟೂರ್ ಈ ವಯಸ್ಸಿಗೆ ಖಂಡಿತಾ ಬೇಡ. ಅಲೆ ಮೇಲೆ ಬೋಟು ಕುಕ್ಕುತ್ತೆ, ನೆರಳು ಕಮ್ಮಿ, ಶೌಚಾಲಯದ ಪರದಾಟ. ಪಟೋಂಗ್‌ನಲ್ಲೇ ಬೀಚ್‌ನಲ್ಲಿ ಒಂದೂವರೆ ಗಂಟೆ, ಪಕ್ಕದ ಮಾಲ್‌ನಲ್ಲಿ ತಣ್ಣಗೆ ಒಂದು ಗಂಟೆ, ಸಾಕು. ಮರಳು ಹತ್ತೂವರೆ ಮೇಲೆ ಕಾಲು ಸುಡುತ್ತೆ, ಮಗುವಿಗೆ ಹಿಮ್ಮಡಿಗೆ ಪಟ್ಟಿ ಇರುವ ಚಪ್ಪಲಿ ಹಾಕಿ. ಕೆಂಪು ಬಾವುಟ ಇದ್ದರೆ ನೀರಿಗೆ ಕಾಲೂ ಇಡಬೇಡಿ.

ರೇಷ್ಮೆಗೂಡು (ಶಿಡ್ಲಘಟ್ಟ)

ಎಲ್ಲರಿಗೂ ಧನ್ಯವಾದ. ಗಡಿಯಾರದ ವಿಷಯ ನಮ್ಮ ಏಜೆಂಟ್ ಹೇಳೇ ಇರಲಿಲ್ಲ. ಊಟ, ಔಷಧಿ, ಕಾಗದಪತ್ರ? ಮಗು ರಾಗಿ ಸರಿ ಬಿಟ್ಟು ಬೆಳಿಗ್ಗೆ ಏನೂ ಮುಟ್ಟಲ್ಲ. ಸಣ್ಣ ಕುಕ್ಕರ್ ತಗೊಂಡು ಹೋಗಬಹುದಾ?

ಬಿ.ಎಚ್. ರೋಡ್ (ತುಮಕೂರು)

ಕುಕ್ಕರ್, ಕೆಟಲ್, ನೀರು ಕಾಯಿಸೋ ಕಾಯಿಲ್, ಇಸ್ತ್ರಿಪೆಟ್ಟಿಗೆ ಯಾವುದೂ ಹಡಗಿಗೆ ಬಿಡಲ್ಲ, ಬೆಂಕಿಯ ಭಯ. ಸ್ಕ್ಯಾನಿಂಗ್‌ನಲ್ಲೇ ತೆಗೆದಿಟ್ಟುಕೊಂಡು ಕೊನೆಯ ದಿನ ಕೊಡ್ತಾರೆ. ಅದರ ಬದಲು ಸ್ಟೀಲ್ ಫ್ಲಾಸ್ಕ್ ಒಯ್ಯಿರಿ. ಊಟದ ಹಾಲ್‌ನಲ್ಲಿ ಕುದಿಯುವ ನೀರು ಸಿಗುತ್ತೆ. ರಾಗಿ ಸರಿಯನ್ನು ಬೇಯಿಸಬೇಕು, ಅದಕ್ಕೆ ಅಲ್ಲಿ ದಾರಿ ಇಲ್ಲ. ಹುರಿಹಿಟ್ಟು ಆದರೆ ಬಿಸಿನೀರು, ಬೆಲ್ಲದ ಪುಡಿ, ಒಂದು ಚಮಚ ತುಪ್ಪ ಹಾಕಿ ಕಲಸಿದರೆ ಆಯ್ತು. ಹೊರಡುವ ಹದಿನೈದು ದಿನ ಮುಂಚಿನಿಂದ ಮನೆಯಲ್ಲೇ ಅದನ್ನು ರೂಢಿ ಮಾಡಿಸಿ. ಮನೆಯಲ್ಲಿ ಮಾಡಿ ಡಬ್ಬಿಗೆ ತುಂಬಿದ್ದನ್ನು ಹಡಗಿನವರು ತಡೆಯಬಹುದು, ಅಂಗಡಿಯ ಸೀಲ್ ಪ್ಯಾಕೆಟ್ಟೇ ಒಯ್ಯಿರಿ. ಸಸ್ಯಾಹಾರದ ಕೋರಿಕೆಯನ್ನು ಬುಕಿಂಗ್‌ನಲ್ಲೇ ಹಾಕಿಸಿ. ಅನ್ನ, ಮೊಸರು ಸಾಮಾನ್ಯವಾಗಿ ಇರುತ್ತೆ.

ಹಡಗಿನಿಂದ ಇಳಿಯುವಾಗ ಬೇಯಿಸಿದ್ದು, ಹೆಚ್ಚಿದ ಹಣ್ಣು ಕಟ್ಟಿಕೊಂಡು ಹೋಗುವಂತಿಲ್ಲ. ಬಿಸ್ಕತ್ತು, ಸೀಲ್ ಮಾಡಿದ ತಿಂಡಿ, ನೀರು ಪರವಾಗಿಲ್ಲ.

ಮರೆಯೋ ಮುಂಚೆ: ಗಸಗಸೆ ಸಿಂಗಾಪುರದಲ್ಲಿ ನಿಷಿದ್ಧ ವಸ್ತು. ಮಸಾಲೆಪುಡಿ, ಕಜ್ಜಾಯ, ಅತ್ತೆಯ ಕಷಾಯದ ಪುಡಿ ಯಾವುದರಲ್ಲೂ ಅದು ಇರಬಾರದು. ಚ್ಯೂಯಿಂಗ್ ಗಮ್ ಕೂಡ ಬೇಡ.

ಔಷಧಿ ಅಂಗಡಿ (ತಿಪಟೂರು)

ವಾಂತಿ ಮಾತ್ರೆ ಬಗ್ಗೆ ಎಚ್ಚರ. ದೊಡ್ಡವರು ಬಸ್ಸಿಗೆ ನುಂಗುವ ಅವೋಮಿನ್‌ನಲ್ಲಿ ಪ್ರೊಮೆಥಜೀನ್ ಇದೆ. ಎರಡು ವರ್ಷದ ಒಳಗಿನ ಮಕ್ಕಳಿಗೆ ಅದು ನಿಷಿದ್ಧ, ಉಸಿರಾಟವೇ ಕುಗ್ಗಬಹುದು. ನಿಮ್ಮ ಮಗುವಿಗೆ ಮೂರಾದರೂ ಅರ್ಧ ಮಾತ್ರೆ ಮುರಿದು ಕೊಡೋ ಕೆಲಸ ಬೇಡ, ತೂಕ ನೋಡಿ ಮಕ್ಕಳ ಡಾಕ್ಟರ್ ಬರೆದುಕೊಡಲಿ. ಹಡಗಿನ ನಡುಭಾಗದ, ಕೆಳ ಅಂತಸ್ತಿನ ರೂಮಿಗೆ ತೂಗಾಟ ಕಮ್ಮಿ ಅನ್ನೋದು ನಿಜವಾದ ಮದ್ದು.

ಓಆರ್‌ಎಸ್ ಕೊಳ್ಳುವಾಗ 200 ಮಿಲಿಗೆ ಒಂದು ಅಂತ ಬರೆದಿರುವ 4.2 ಗ್ರಾಂ ಸಣ್ಣ ಪೊಟ್ಟಣ ಕೇಳಿ. ಒಂದು ಲೀಟರಿನ 21 ಗ್ರಾಂ ಪೊಟ್ಟಣವನ್ನು ಮಗುವಿನ ಸಣ್ಣ ಬಾಟಲಿಗೆ ಸುರಿದರೆ ಉಪ್ಪು ಐದು ಪಟ್ಟು ಗಟ್ಟಿಯಾಗುತ್ತೆ, ಅದು ಅಪಾಯ. ಜ್ವರದ ಸಿರಪ್ಪು ಅಳತೆ ಮುಚ್ಚಳದ ಸಮೇತ ಇರಲಿ, ಚೀಟಿ ಜೊತೆಗಿರಲಿ. ಆ ಮೂರೂ ದೇಶದಲ್ಲಿ ಡೆಂಗಿ ಇದೆ. ಸೊಳ್ಳೆ ಕ್ರೀಮನ್ನು ಹಗಲಲ್ಲೂ ಹಚ್ಚಿ, ಸನ್‌ಸ್ಕ್ರೀನ್ ಒಣಗಿದ ಮೇಲೆ. ಅಂಗೈಗೆ ಹಚ್ಚಬೇಡಿ, ಮಗು ಬಾಯಿಗೆ ಹಾಕಿಕೊಳ್ಳುತ್ತೆ.

ಶಿರಾ ಗೇಟ್ (ತುಮಕೂರು)

ಕಾಗದಪತ್ರ ನನಗಿರಲಿ. ಸಿಂಗಾಪುರದ ವೀಸಾ ಮಗುವಿಗೂ ಪ್ರತ್ಯೇಕ ಬೇಕು. ಬಂದ ಮೇಲೆ 'ಮಲ್ಟಿಪಲ್' ಅಂತ ಇದೆಯಾ ನೋಡಿ, ಯಾಕಂದರೆ ವಿಮಾನದಲ್ಲಿ ಒಂದು ಸಲ, ಹಡಗಿನಲ್ಲಿ ಇನ್ನೊಂದು ಸಲ ಒಳಗೆ ಬರ್ತೀರಿ. ಒಂದೇ ಪ್ರವೇಶದ್ದಾದರೆ ಹಡಗು ಹತ್ತಿಸಲ್ಲ. ಪಾಸ್‌ಪೋರ್ಟ್ ಅವಧಿ ವಾಪಸ್ ಬಂದ ಮೇಲೂ ಆರು ತಿಂಗಳು ಇರಬೇಕು. ಮಕ್ಕಳ ಪಾಸ್‌ಪೋರ್ಟ್ ಐದೇ ವರ್ಷದ್ದು, ಹುಟ್ಟಿದ ಕೂಡಲೇ ಮಾಡಿಸಿದ್ದರೆ ದಿನಾಂಕ ನೋಡಿಕೊಳ್ಳಿ. ಮಲೇಷ್ಯಾ ಭಾರತೀಯರಿಗೆ ವೀಸಾ ವಿನಾಯಿತಿಯನ್ನು 2026ರ ಡಿಸೆಂಬರ್ 31ರವರೆಗೆ ವಿಸ್ತರಿಸಿದೆ. ಥಾಯ್ಲೆಂಡ್ ನಿಯಮ ಆಗಾಗ ಬದಲಾಗೋದರಿಂದ ಹೊರಡುವ ತಿಂಗಳು ರಾಯಭಾರ ಕಚೇರಿಯ ಪುಟವನ್ನೇ ನೋಡಿ. ಮೂರೂ ದೇಶಕ್ಕೆ ಆನ್‌ಲೈನ್ ಆಗಮನ ಪತ್ರ ಇದೆ, ಮೂರು ದಿನ ಮುಂಚಿನಿಂದ ತುಂಬಬಹುದು, ಪೂರ್ತಿ ಉಚಿತ. ದುಡ್ಡು ಕೇಳಿದರೆ ಅದು ಸರ್ಕಾರದ ಪುಟ ಅಲ್ಲ.

ನಮ್ಮ ಕಡೆಯವರಿಗೆ ಇನ್ನೊಂದು ಗೋಳು, ಇನಿಶಿಯಲ್. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ ಇದ್ದರೆ ಬುಕಿಂಗ್ ಪುಟ ಮುಂದಕ್ಕೇ ಹೋಗಲ್ಲ. ಆಗ ಏಜೆಂಟು ತನಗೆ ತೋಚಿದಂತೆ ಅಪ್ಪನ ಹೆಸರು ತುಂಬಿಬಿಡ್ತಾನೆ, ಚೆಕ್-ಇನ್‌ನಲ್ಲಿ ಹೆಸರು ಹೊಂದಲ್ಲ ಅಂತ ನಿಲ್ಲಿಸ್ತಾರೆ. ಹೆಸರನ್ನು ಹೇಗೆ ಹಾಕಬೇಕು ಅಂತ ಹಡಗಿನ ಕಂಪನಿಗೂ ವಿಮಾನದವರಿಗೂ ಇಮೇಲ್‌ನಲ್ಲಿ ಕೇಳಿ, ಉತ್ತರ ಪ್ರಿಂಟ್ ತೆಗೆದಿಡಿ.

ನಂದಿತಪ್ಪಲು (ಚಿಕ್ಕಬಳ್ಳಾಪುರ)

ಹಡಗು ಹೊರಡುವ ದಿನವೇ ಸಿಂಗಾಪುರಕ್ಕೆ ಇಳಿಯಬೇಡಿ, ಹಿಂದಿನ ದಿನ ಹೋಗಿ. ವಿಮಾನ ನಾಲ್ಕೂವರೆ ಗಂಟೆಯದು, ಆದರೆ ಗಡಿಯಾರ ಎರಡೂವರೆ ಗಂಟೆ ನುಂಗುತ್ತೆ. ರಾತ್ರಿ ವಿಮಾನದಲ್ಲಿ ಬಂದ ಮಗುವನ್ನು ನೇರ ಹಡಗಿನ ಸಾಲಿಗೆ ನಿಲ್ಲಿಸಿದರೆ ಮೊದಲ ದಿನವೇ ಜ್ವರ. ಭಾನುವಾರ ಸಂಜೆ ಶಿಡ್ಲಘಟ್ಟದಿಂದ ಏರ್‌ಪೋರ್ಟ್‌ಗೆ ಹೊರಡೋದಾದರೆ ನಂದಿಬೆಟ್ಟದಿಂದ ಬೆಂಗಳೂರಿಗೆ ಮರಳುವ ಗಾಡಿಗಳು ಹೆದ್ದಾರಿ ತುಂಬಿರುತ್ತವೆ, ಒಂದು ಗಂಟೆ ಹೆಚ್ಚಿಗೆ ಇಟ್ಟುಕೊಳ್ಳಿ. ವಿದೇಶದ ವಿಮಾನಗಳೆಲ್ಲ ಟರ್ಮಿನಲ್ 2.

ಆ ಒಂದು ದಿನಕ್ಕೆ ಗಾರ್ಡನ್ಸ್ ಬೈ ದ ಬೇ ಒಳಗಿನ ಮಕ್ಕಳ ತೋಟ ಸಾಕು. ನೀರಾಟ ಇದೆ, ಟಿಕೆಟ್ ಇಲ್ಲ, ಸೋಮವಾರ ರಜೆ. ಬದಲಿ ಬಟ್ಟೆ, ಟವೆಲ್ ಒಯ್ಯಿರಿ. ಸಂಜೆ 7:45ಕ್ಕೆ ಮರಗೋಪುರಗಳ ಬೆಳಕಿನಾಟವೂ ಪುಕ್ಕಟೆ. ಮೆಟ್ರೋದಲ್ಲಿ 90 ಸೆಂ.ಮೀ. ಒಳಗಿನ ಮಕ್ಕಳಿಗೆ ಟಿಕೆಟ್ ಬೇಡ. ಆ್ಯಪ್ ಕಾರಿನಲ್ಲಿ 1.35 ಮೀಟರ್ ಒಳಗಿನ ಮಗುವಿಗೆ ಸೀಟು ಕಡ್ಡಾಯ, ಇಲ್ಲದಿದ್ದರೆ ಡ್ರೈವರ್ ಹತ್ತಿಸಿಕೊಳ್ಳಲ್ಲ. ಮಾಮೂಲಿ ಟ್ಯಾಕ್ಸಿಗೆ ಆ ನಿಯಮದಿಂದ ವಿನಾಯಿತಿ ಇದೆ. ಮರೀನಾ ಬೇ ಕ್ರೂಸ್ ಸೆಂಟರ್‌ಗೆ ಮೆಟ್ರೋ ನಿಲ್ದಾಣ ಮರೀನಾ ಸೌತ್ ಪಿಯರ್. ಕೆಲವು ಹಡಗುಗಳು ಹಾರ್ಬರ್‌ಫ್ರಂಟ್‌ನಿಂದ ಹೊರಡುತ್ತವೆ, ಟಿಕೆಟ್‌ನಲ್ಲಿ ಯಾವುದಿದೆ ನೋಡಿಕೊಂಡು ಹೋಟೆಲ್ ಮಾಡಿ.

ರೇಷ್ಮೆಗೂಡು (ಶಿಡ್ಲಘಟ್ಟ)

ಹಾಗಾದರೆ ಹೀಗೆ ಇಟ್ಟುಕೊಂಡಿದ್ದೀವಿ. ಪೋರ್ಟ್ ಕ್ಲಾಂಗ್: ವ್ಯಾನ್, ಪಾರ್ಕ್ ಮತ್ತು ಅಕ್ವೇರಿಯಂ ಮಾತ್ರ. ಪೆನಾಂಗ್: ಬೆಳಿಗ್ಗೆ ಗುಡಿ, ರಿಕ್ಷಾ, ಊಟ; ಮಲಗಿ ಎದ್ದು ಸಮುದ್ರದಂಡೆ. ಫುಕೆಟ್: ಟೆಂಡರ್ ಬಂದರು ಅಂತಲೇ ಬರೆದಿದೆ. ಅತ್ತೆ ಹಡಗಲ್ಲಿ, ನಾವು ಬೀಚ್. ಮಗುವನ್ನೂ ಅತ್ತೆ ಜೊತೆ ಬಿಟ್ಟು, ಹಡಗಿನ ಮಕ್ಕಳ ಕ್ಲಬ್‌ಗೆ ಸೇರಿಸಿ ಹೋಗಬಹುದಾ?

ಮಾವಿನತೋಪು (ಶ್ರೀನಿವಾಸಪುರ)

ಕ್ಲಬ್‌ಗೆ ಸಾಮಾನ್ಯವಾಗಿ ಮೂರು ತುಂಬಿರಬೇಕು, ಡೈಪರ್ ಪೂರ್ತಿ ಬಿಟ್ಟಿರಬೇಕು. ಒಂದು ಸಲ ಒದ್ದೆ ಮಾಡಿಕೊಂಡರೂ ಫೋನ್ ಮಾಡಿ ಕರೀತಾರೆ. ಈಜುವ ಡೈಪರ್ ಹಾಕಿದ ಮಕ್ಕಳನ್ನು ದೊಡ್ಡ ಕೊಳಗಳಿಗೂ ಬಿಡಲ್ಲ. ಅಪ್ಪ ಅಮ್ಮ ಇಬ್ಬರೂ ದಡದಲ್ಲಿದ್ದಾಗ ಮಗುವನ್ನು ಇಟ್ಟುಕೊಳ್ತಾರಾ, ಅಜ್ಜಿಯ ಸಹಿ ನಡೆಯುತ್ತಾ ಅಂತ ಹತ್ತಿದ ಮೊದಲ ದಿನ ಹೆಸರು ನೋಂದಾಯಿಸುವಾಗಲೇ ಕೇಳಿ. ಏನೇ ಆದರೂ ಟೆಂಡರ್ ದಿನ ಬೇಡ. ಅಲೆ ಎದ್ದರೆ ದೋಣಿ ನಿಲ್ಲುತ್ತೆ, ನೀವು ದಡದಲ್ಲಿ, ಮಗು ಹಡಗಲ್ಲಿ.

ಅಂತರಗಂಗೆ (ಕೋಲಾರ)

ಪ್ಲಾನ್ ಚೆನ್ನಾಗಿದೆ. ಎರಡು ಸೇರಿಸಿ. ಸಮುದ್ರದ ನಡುವೆ ಮೊಬೈಲನ್ನು ಏರೋಪ್ಲೇನ್ ಮೋಡ್‌ನಲ್ಲೇ ಇಡಿ, ಇಲ್ಲದಿದ್ದರೆ ಹಡಗಿನ ಟವರ್ ಹಿಡಿದು ಬಿಲ್ಲು ಬೆಂಕಿ ಹಚ್ಚುತ್ತೆ; ನಿಮ್ಮ ರೋಮಿಂಗ್ ಪ್ಯಾಕ್ ಅದಕ್ಕೆ ಅನ್ವಯಿಸಲ್ಲ. ಮತ್ತೆ ಸಿಂಗಾಪುರದ ಆಗಮನ ಪತ್ರ ವಿಮಾನಕ್ಕೆ ಒಂದು ಸಲ ತುಂಬಿದರೆ ಮುಗೀಲಿಲ್ಲ. ಹಡಗಿನಿಂದ ವಾಪಸ್ ಇಳಿಯೋದಕ್ಕೆ ನಾಲ್ಕೂ ಜನಕ್ಕೆ ಹೊಸದಾಗಿ ತುಂಬಬೇಕು. ಮೂರು ದಿನ ಅನ್ನೋದರಲ್ಲಿ ಸಿಂಗಾಪುರಕ್ಕೆ ಬಂದಿಳಿಯುವ ದಿನವೂ ಸೇರುತ್ತೆ, ಆದ್ದರಿಂದ ಫುಕೆಟ್‌ನಲ್ಲಿ ದಡದ ಸಿಗ್ನಲ್ ಇರುವಾಗಲೇ ತುಂಬಿಬಿಡಿ.